ಟೈರಿನೊಳಗೆ ಕೈಯಿಟ್ಟ ಭಾನುವಾರ

ಶಶಕ್ಕನ ವ್ಯಾನಿನಲ್ಲಿ ನನ್ನ ಜಾಗ ಮುಂದೆ, ಅವಳ ಪಕ್ಕದ ಸೀಟು. ದೇವನಹಳ್ಳಿ ಕಡೆಯ ವಿಜಯಪುರದ ಹತ್ತಿರದ ನಮ್ಮ ಹಳ್ಳಿಯಿಂದ ಹೊಸಕೋಟೆ ಆಚೆಯ ಪಿಲ್ಲಗುಂಪೆಗೆ, ಫ್ಯಾಕ್ಟರಿ ಕೆಲಸಕ್ಕೆ, ದಿನಾ ಹೋಗಿಬರುವ ಆರು ಹೆಂಗಸರಲ್ಲಿ ನಾನೊಬ್ಬಳು. ಎರಡು ವರ್ಷದಿಂದ ಅದೇ ಸೀಟಿನಲ್ಲಿ ಕೂತು ಅರ್ಧ ದಾರಿ ತೂಕಡಿಸುತ್ತಾ ಹೋಗಿದ್ದೇನೆ. ನನ್ನ ಕಾಲಿನಿಂದ ಒಂದು ಮೊಳ ದೂರದಲ್ಲಿ ಒಂದು ಚಕ್ರ ತಿರುಗುತ್ತಿರುತ್ತದೆ ಎಂದು ಒಂದು ದಿನವೂ ಯೋಚಿಸಿದವಳಲ್ಲ. ಹೋದ ಗಣೇಶನ ಹಬ್ಬ ಕಳೆದ ಮೇಲಿನ ಭಾನುವಾರ ಆ ಚಕ್ರದ ಟೈರು ಬಿಚ್ಚಿದ್ದನ್ನು ಕಣ್ಣಾರೆ ನೋಡಿದೆ. ಆಮೇಲೆ ಎರಡು ದಿನ ನನಗೆ ಅನ್ನ ಸೇರಲಿಲ್ಲ.

ಶಶಕ್ಕ ಅಂದರೆ ಶಶಿರೇಖಾ. ನಮ್ಮ ಬೀದಿಯವಳೇ, ನಲವತ್ತಮೂರು ವರ್ಷ. ಗಂಡ ಮನೋಹರಣ್ಣ ಪಂಚಾಯಿತಿಯ ನೀರಗಂಟಿ, ಊರಿಗೆ ನೀರು ಬಿಡುವ ಕೆಲಸ. ಅಕ್ಕ ಮದುವೆಯಾಗಿ ಬಂದ ಮೇಲೆ ಹದಿನಾಲ್ಕು ವರ್ಷ ವಿಜಯಪುರದ ಒಂದು ರೇಷ್ಮೆ ಹುರಿ ಕಾರ್ಖಾನೆಯಲ್ಲಿ ದುಡಿದಳು. ನೂರಾರು ಎಳೆಗಳು ಒಟ್ಟಿಗೆ ಸುತ್ತುತ್ತಿರುವಾಗ ಎಲ್ಲಿ ಎಳೆ ತುಂಡಾಯಿತು, ಎಲ್ಲಿ ಗಂಟು ಬಿತ್ತು ಎಂದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗಬೇಕು. ಅವಳಿಗೆ ಗೊತ್ತಾಗುತ್ತಿತ್ತು. ಮಾಲೀಕರು ಮಿಷಿನ್ನುಗಳನ್ನು ಮಾರಿ, ಆ ಜಾಗದಲ್ಲಿ ಕಲ್ಯಾಣಮಂಟಪ ಕಟ್ಟಿಸಲು ಹೊರಟಾಗ ಹೆಂಗಸರೆಲ್ಲ ಬೀದಿಗೆ ಬಿದ್ದರು. ಪಿಲ್ಲಗುಂಪೆಯಲ್ಲಿ ಕೆಲಸವೇನೋ ಇತ್ತು. ಆದರೆ ಎರಡು ಬಸ್ಸು ಬದಲಾಯಿಸಿ ಬೆಳಗಿನ ಶಿಫ್ಟಿಗೆ ತಲುಪುವುದು ಆಗದ ಮಾತು.

"ನೀವು ಕೆಲ್ಸ ಹಿಡ್ಕೊಳ್ಳಿ. ಕರ್ಕೊಂಡ್ ಹೋಗೋದು ನಂಗ್ ಬುಡಿ" ಅಂದಳಂತೆ ಅಕ್ಕ. ಹಾಗೆ ಹೇಳಿದಾಗ ಅವಳಿಗೆ ಸ್ಕೂಟರ್ ಬಿಟ್ಟು ಬೇರೇನೂ ಓಡಿಸಲು ಬರುತ್ತಿರಲಿಲ್ಲ. ಆರು ತಿಂಗಳಲ್ಲಿ ಲೈಸೆನ್ಸ್ ತೆಗೆಸಿದಳು, ಏಳು ಸೀಟಿನ ಒಂದು ಹಳೇ ವ್ಯಾನು ತಂದಳು. ಅಂದಿನಿಂದ ಇಂದಿನವರೆಗೆ ಅವಳ ದೆಸೆಯಿಂದ ನಮ್ಮ ಶಿಫ್ಟು ತಪ್ಪಿದ್ದು ಬೆರಳೆಣಿಕೆಯಷ್ಟು ಸಲ. ತಪ್ಪಿದ್ದೆಲ್ಲ ಟೈರಿನ ಕಾರಣಕ್ಕೇ.

ಟೈರಿಗೆ ಇಡೀ ವಿಜಯಪುರದಲ್ಲಿ ಅವಳು ನಂಬಿದ್ದು ಅಪ್ಪಯ್ಯಣ್ಣನನ್ನು. ಅರವತ್ತು ದಾಟಿದ ಮನುಷ್ಯ, ಮೂವತ್ತು ವರ್ಷದಿಂದ ಪಂಚರ್ ಅಂಗಡಿ. ಜಾಕು ಎಲ್ಲಿ ಕೊಡಬೇಕು, ನಟ್ಟುಗಳನ್ನು ಎದುರುಬದುರಾಗಿ ಹೇಗೆ ಬಿಗಿಯಬೇಕು ಎಂದು ಅವಳಿಗೆ ಹೇಳಿಕೊಟ್ಟವನು ಅವನೇ. ಯುಗಾದಿಗೆ ಮುಂಚೆ ವ್ಯಾನಿನ ಮೂರು ಟೈರು ಸವೆದಾಗ, ಅವನೇ ಅಂಗಡಿಯ ಒಳಗಿಂದ ಮೂರು ಟೈರು ಉರುಳಿಸಿಕೊಂಡು ಬಂದ. ಹೊಸ ಕಾರು ಕೊಂಡವರು ದೊಡ್ಡ ಚಕ್ರ ಹಾಕಿಸಿಕೊಳ್ಳುವಾಗ ಬಿಚ್ಚಿಟ್ಟ ಟೈರುಗಳು, ಸಾವಿರ ಕಿಲೋಮೀಟರು ಓಡಿರಲಿಕ್ಕಿಲ್ಲ ಎಂದ. ನೋಡಲು ಹಾಗೇ ಇದ್ದವು. ಕಪ್ಪಗೆ ಮಿಂಚುತ್ತಿದ್ದವು, ನೆಲ ಹಿಡಿಯುವ ಗೀರುಗಳು ಆಳವಾಗಿದ್ದವು.

ಒಂದು ಮಾತ್ರ ತೊಂದರೆ. ನಮ್ಮ ವ್ಯಾನಿಗೆ ಬಿಡುವು ಸಿಗುವುದು ಭಾನುವಾರ, ಅಪ್ಪಯ್ಯಣ್ಣನ ಅಂಗಡಿ ಬಾಗಿಲು ಹಾಕುವುದೂ ಭಾನುವಾರ. ಅದಕ್ಕೇ ಜೂನ್ ತಿಂಗಳಲ್ಲಿ ಶಶಕ್ಕ ಫೋನಿನಲ್ಲಿ ವಿಡಿಯೋಗಳನ್ನು ನೋಡಿ ನೋಡಿ, ಕೈಯಲ್ಲಿ ನಡೆಸುವ ಟೈರು ಬಿಚ್ಚುವ ಮಿಷಿನ್ನು ತರಿಸಿದಳು. ಕರೆಂಟು ಬೇಕಿಲ್ಲ. ಮೂರು ಕಾಲಿನ ಕಬ್ಬಿಣದ ಪೀಠ, ನಡುವೆ ಸೊಂಟದೆತ್ತರದ ಕಂಬ, ಟೈರಿನ ಅಂಚನ್ನು ರಿಮ್ಮಿನಿಂದ ಒತ್ತಿ ಬಿಡಿಸುವ ಒಂದು ತೋಳು, ಜೊತೆಗೆ ಹಾರೆಯುದ್ದದ ಒಂದು ಸರಳು. ಮನೆಯ ಪಕ್ಕದ ಕಾಂಕ್ರೀಟು ನೆಲಕ್ಕೆ ತೂತು ಕೊರೆಸಿ ಬೋಲ್ಟು ಹಾಕಿಸಿದಳು.

"ಏನ್ ಶಶಿ, ಕಬ್ಬಿನ ಹಾಲಿನ ಅಂಗ್ಡಿ ಇಡ್ತೀಯಾ?" ಎಂದು ಮನೋಹರಣ್ಣ ನಕ್ಕಿದ್ದ.

ಮೊದಲ ಭಾನುವಾರ ಬರೀ ಸ್ಟೆಪ್ನಿ ಟೈರನ್ನು ಬಿಚ್ಚಿ ಹಾಕಲು ಮೂರು ಗಂಟೆ ಹಿಡಿಯಿತು. ಸರಳು ಜಾರಿ ಮೊಣಕೈ ತರಚಿಕೊಂಡಳು. ಎರಡನೇ ಭಾನುವಾರ ಅರ್ಧ ಗಂಟೆ. "ಶಕ್ತಿ ಅಲ್ಲ ಕಣೇ ನವ್ಯಾ, ಈ ಕಡೆ ಎತ್ತುವಾಗ ಆ ಕಡೆ ಅಂಚು ರಿಮ್ಮಿನ ತಗ್ಗಲ್ಲಿ ಕೂತಿರ್ಬೇಕು. ಅಷ್ಟೇ ಗುಟ್ಟು" ಎಂದು ನನಗೂ ಕಲಿಸಲು ನೋಡಿದಳು.

ಆಗಸ್ಟ್ ಕೊನೆಯಿಂದ ಮುಂದಿನ ಎಡಗಡೆಯ ಟೈರು, ಅಂದರೆ ನನ್ನ ಸೀಟಿನ ಕೆಳಗಿನದು, ಗಾಳಿ ಇಳಿಸತೊಡಗಿತು. ಎರಡು ದಿನಕ್ಕೊಮ್ಮೆ ಗಾಳಿ ತುಂಬಿಸಬೇಕು. ಮೊಳೆ ಚುಚ್ಚಿರಬೇಕೆಂದು ಚಕ್ರವನ್ನು ಸುತ್ತಿ ಸುತ್ತಿ ನೋಡಿದರೂ ಮೊಳೆ ಇಲ್ಲ. ಆ ಭಾನುವಾರ ಬೆಳಿಗ್ಗೆ ನಾನು ಅವರ ಮನೆಗೆ ಸುಮ್ಮನೆ ಹೋಗಿದ್ದೆ. ಅಕ್ಕ ಚಕ್ರ ಬಿಚ್ಚಿ ನೆಲದ ಮೇಲೆ ಮಲಗಿಸಿ ಸೋಪಿನ ನೀರು ಹುಯ್ದಿದ್ದಳು. ನೆಲಕ್ಕೆ ತಾಗುವ ಭಾಗದಲ್ಲಿ ಏನೂ ಇಲ್ಲ. ಆದರೆ ಟೈರಿನ ಪಕ್ಕೆಯಲ್ಲಿ, ಅಕ್ಷರಗಳಿರುವ ಕಡೆ, ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು.

"ಇಲ್ಲಿ ಮೊಳೆ ಹೆಂಗೆ ಚುಚ್ತದೆ?" ಅಂದಳು. ಅವಳ ಹುಬ್ಬು ಗಂಟಾಯಿತು.

ವಾಲ್ವಿನ ಪಿನ್ನು ತೆಗೆದು ಗಾಳಿ ಪೂರ್ತಿ ಬಿಟ್ಟಳು. ತೋಳಿನಿಂದ ಒತ್ತಿ ಎರಡೂ ಕಡೆಯ ಅಂಚು ಬಿಡಿಸಿದಳು. ಚಕ್ರವನ್ನು ಕಂಬಕ್ಕೆ ಕೂರಿಸಿ ಬಿಗಿದು, ಅಂಚಿಗೆ ಸೋಪು ಸವರಿ, ಸರಳನ್ನು ಒಳಗೆ ತೂರಿಸಿ ಕಂಬದ ಸುತ್ತ ನಡೆದಳು. ಮೇಲಿನ ಅಂಚು ಬಂತು. ಇನ್ನೊಂದು ಸುತ್ತಿಗೆ ಕೆಳಗಿನದೂ ಬಂದು, ಟೈರು ಅವಳ ತೋಳಿಗೆ ಬಿತ್ತು. ಅದನ್ನು ಬೆಳಕಿಗೆ ಹಿಡಿದು ನೋಡಿದೆವು. ಒಳಗೆಲ್ಲ ಒಂದೇ ಸಮ ಕಪ್ಪು. ಏನೂ ಕಾಣಲಿಲ್ಲ.

ಅಕ್ಕ ಕೈ ಒಳಗಿಟ್ಟಳು. ಮೆಲ್ಲಗೆ ಸವರುತ್ತಾ ಹೋದ ಬೆರಳುಗಳು ಒಂದು ಕಡೆ ನಿಂತವು.

"ಇಲ್ಲೊಂದ್ ಅಂಚು ಅದೆ."

ಉಗುರಿನಿಂದ ಕೆರೆದಳು. ಕಪ್ಪು ಬಣ್ಣ ಪುಡಿಯಾಗಿ ಉದುರಿತು. ಅದರ ಕೆಳಗೆ ಒಂದು ಗೆರೆ. ಅಡುಗೆಮನೆಯಿಂದ ಚಾಕು ತರಿಸಿ ಗೆರೆಯ ಕೆಳಗೆ ತೂರಿಸಿ ಎಬ್ಬಿಸಿದಳು. ಅಂಗೈ ಅಗಲದ ರಬ್ಬರ್ ತುಂಡು, ಹಳೇ ಟ್ಯೂಬಿನದು, ಚರ್ಮ ಸುಲಿದ ಹಾಗೆ ಕಿತ್ತು ಬಂತು.

ಅದರಡಿಯಲ್ಲಿ ಟೈರು ಹರಿದಿತ್ತು. ನನ್ನ ಕೈ ಬೆರಳಿನಷ್ಟು ಉದ್ದಕ್ಕೆ ಪಕ್ಕೆ ಸೀಳಿಹೋಗಿ, ಒಳಗಿನ ನೂಲುಗಳು ತುಂಡಾಗಿ ಬಾಯಿ ಬಿಟ್ಟಿದ್ದವು. ಹೊರಗಡೆ ಅದೇ ಜಾಗಕ್ಕೆ ಅದೇನೋ ಕಪ್ಪು ಮೇಣ ತುಂಬಿ, ಉಜ್ಜಿ, ಹೊಳಪು ಕೊಟ್ಟಿದ್ದರು. ಅಕ್ಕ ಹೆಬ್ಬೆರಳಿನಿಂದ ಒಳಗಿಂದ ಒತ್ತಿದಳು. ಹೆಬ್ಬೆರಳು ಹೊರಗೆ ಬಂತು.

ಟೈರಿನೊಳಗಿಂದ ಹೊರಗೆ ಇಣುಕಿದ ಆ ಹೆಬ್ಬೆರಳನ್ನೇ ಇಬ್ಬರೂ ನೋಡುತ್ತಾ ನಿಂತೆವು. ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ಯುಗಾದಿಯಿಂದ ಗಣೇಶನ ಹಬ್ಬದವರೆಗೆ. ದಿನಾ ಬೆಳಿಗ್ಗೆ, ದಿನಾ ಸಂಜೆ. ಸೂಲಿಬೆಲೆ ರಸ್ತೆಯ ತಿರುವುಗಳಲ್ಲಿ, ಎದುರಿಗೆ ಲಾರಿಗಳು ಬರುವಾಗ, ನಾನು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದೆ.

"ಇನ್ನೆರಡೂ ಅವನೇ ಕೊಟ್ಟಿದ್ದು" ಎಂದಳು ಅಕ್ಕ.

ಒಂದು ಗಂಟೆಯಲ್ಲಿ ಆ ಎರಡನ್ನೂ ಬಿಚ್ಚಿದಳು. ನೀರು ಸಹ ಕುಡಿಯಲಿಲ್ಲ. ಎರಡರೊಳಗೂ ಬೆರಳು ಅದೇ ರೀತಿ ನಿಂತಿತು, ಎರಡರಿಂದಲೂ ಟ್ಯೂಬಿನ ತುಂಡು ಕಿತ್ತು ಬಂತು. ಒಂದರಲ್ಲಿ ಅಂಥವು ಎರಡಿದ್ದವು. ಹೊಲದ ಕಡೆಯಿಂದ ಬಂದ ಮನೋಹರಣ್ಣ ಸಾಲಾಗಿ ಬಿದ್ದಿದ್ದ ಮೂರು ಟೈರುಗಳನ್ನೂ ಹೆಂಡತಿಯ ಮುಖವನ್ನೂ ನೋಡಿ, ಏನೆಂದು ಕೇಳುವ ಮೊದಲೇ ಬಗ್ಗಿ ಒಂದರೊಳಗೆ ಕೈಯಿಟ್ಟ. ಸುಟ್ಟುಕೊಂಡವನಂತೆ ಕೈ ಎಳೆದುಕೊಂಡ.

"ಇದ್ರಲ್ಲೇನೇ ಅವತ್ತು ಅವ್ವನ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗಿದ್ದು?"

ಅಕ್ಕ ತಲೆಯಾಡಿಸಿದಳು.

ಸುದ್ದಿ ಕೇಳಿ ಸೊಣ್ಣಮ್ಮ ಬಂದಳು. ನಮ್ಮ ಆರು ಜನರಲ್ಲಿ ಹಿರಿಯಳು, ಸುಲಭಕ್ಕೆ ಹೆದರುವವಳಲ್ಲ. ಸೀಳನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಕೋಪ ನೆತ್ತಿಗೇರಿತು. "ಆ ಮುದುಕ ನಮ್ಮನ್ನ ಕೊಲ್ಲಾಕ್ ಹೊಂಟಿದ್ನಾ? ನಡಿ ಶಶಿ, ಕಾಲರ್ ಹಿಡ್ದು ಕೇಳಾನ."

"ನೀನ್ ಬ್ಯಾಡಕ್ಕ. ಎಲ್ರಿಗೂ ನಾಳೆ ವ್ಯಾನ್ ಇಲ್ಲ ಅಂತ ಹೇಳ್ಬುಡು. ನಾನ್ ಹೋಗ್ಬತ್ತೀನಿ" ಎಂದು ಅಕ್ಕ ಮೊದಲ ಟೈರನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಅವಳನ್ನು ಒಬ್ಬಳನ್ನೇ ಬಿಡಲು ಮನಸ್ಸಾಗದೆ ನಾನೂ ಹೊರಟೆ.

ವಿಜಯಪುರದ ಬಸ್ಸಿನಲ್ಲಿ ಕಂಡಕ್ಟರು ಟೈರಿಗೆ ಲಗೇಜು ಟಿಕೆಟ್ ಹರಿದ. "ಪಂಚರ್ರಾ ಅಕ್ಕ?" ಎಂದು ಕೇಳಿದ. ಶಶಕ್ಕ ಟೈರನ್ನು ಅವನ ಕಡೆ ತಿರುಗಿಸಿದಳು. ಅವನು ಸೀಳಿನೊಳಗೆ ಒಂದು ಕ್ಷಣ ನೋಡಿ, ಡ್ರೈವರ್ ಕಡೆಗೆ ಹೋಗಿ ಕಿವಿಯಲ್ಲೇನೋ ಹೇಳಿದ. ಡ್ರೈವರ್ ಕನ್ನಡಿಯಲ್ಲಿ ನಮ್ಮನ್ನೇ ನೋಡುತ್ತಾ ಬಸ್ಸು ಓಡಿಸಿದ.

ಅಪ್ಪಯ್ಯಣ್ಣನ ಮನೆ ಅಂಗಡಿಯ ಹಿಂದೆಯೇ. ಊಟ ಮುಗಿಸಿ ಜಗಲಿಯ ಮೇಲೆ ಎಲೆಯಡಿಕೆ ಹಾಕುತ್ತಾ ಕೂತಿದ್ದ. "ಬಾರಮ್ಮ ಶಶಿ, ಏನ್ ಭಾನ್ವಾರ?" ಎಂದ. ಅಕ್ಕ ಟೈರನ್ನು ಅವನ ಮುಂದೆ ಧೊಪ್ಪನೆ ಹಾಕಿದಳು.

"ಇದನ್ ಕೊಟ್ಟಿದ್ದು ನೀವೇ ಅಲ್ವಾ ಅಣ್ಣ?"

"ಹೂಂ. ಯಾಕೆ?"

"ಒಳಗೆ ಕೈ ಇಟ್ ನೋಡಿ."

ದಾರಿಯುದ್ದಕ್ಕೂ ನಾನು ಅವನ ಮಾತುಗಳನ್ನು ಊಹಿಸಿಕೊಂಡಿದ್ದೆ. ನಾನು ಕೊಟ್ಟಿದ್ದಲ್ಲ ಎನ್ನುತ್ತಾನೆ, ನೀನೇ ಕಲ್ಲಿಗೆ ಹೊಡೆದಿದ್ದೀಯ ಎನ್ನುತ್ತಾನೆ, ಜಗಳಕ್ಕೆ ಬರುತ್ತಾನೆ. ಅದ್ಯಾವುದೂ ಆಗಲಿಲ್ಲ. ಅವನು ಬಗ್ಗಿ ಕೈಯಿಟ್ಟ. ಸೀಳಿಗೆ ಬೆರಳು ತಾಗಿದ ಕೂಡಲೇ ಬಾಯಲ್ಲಿದ್ದ ಎಲೆಯಡಿಕೆ ಅಗಿಯುವುದು ನಿಂತಿತು. ಅಕ್ಕ ಜೊತೆಗೆ ತಂದಿದ್ದ ಟ್ಯೂಬಿನ ತುಂಡನ್ನು ಕೈಗೆ ಕೊಟ್ಟಳು. ಅದನ್ನು ತಿರುಗಿಸಿ ನೋಡಿ, ಮೂಸಿ, ಟೈರಿನ ಸೀಳಿನ ಮೇಲೆ ಇಟ್ಟು ನೋಡಿದ. ಆಮೇಲೆ ತಲೆಯೆತ್ತಿ ಮನೆಯ ಮುಂದಿನ ಖಾಲಿ ಜಾಗವನ್ನು ನೋಡಿದ. ದಿನಾ ಅಲ್ಲಿ ಅವನ ಮಗನ ಕಾರು ನಿಂತಿರುತ್ತಿತ್ತು.

"ಗುರು…" ಎಂದ.

"ಏನಾಯ್ತಣ್ಣ?"

"ಗುರು ಕಾರ್ಗೂ ಇವೇ ಹಾಕಿದೀನಿ ಕಣಮ್ಮ. ಮುಂದೆ ಎರಡೂ. ಈಗ್ತಾನೆ ಚಿಂತಾಮಣಿಗೆ ಹೋದ್ರು. ಪವಿತ್ರನ್ನೂ ಮಗೂನೂ ಕರ್ಕೊಂಡು."

ಗುರು ಅವನ ಒಬ್ಬನೇ ಮಗ, ಪವಿತ್ರ ಸೊಸೆ. ಮಗುವಿಗೆ ಇನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ. ಅವಳ ತವರಿಗೆ ಹೊರಟಿದ್ದರು.

ಅಪ್ಪಯ್ಯಣ್ಣ ಪಕ್ಕದಲ್ಲಿದ್ದ ಫೋನು ಎತ್ತಿಕೊಂಡ. ಅಕ್ಕನೇ ಕಿತ್ತುಕೊಂಡು ಗುರುವಿನ ನಂಬರು ಒತ್ತಿದಳು. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು ಫೋನು. ಮತ್ತೊಮ್ಮೆ, ಅದೇ. ಅಪ್ಪಯ್ಯಣ್ಣ ಜಗಲಿಯಿಂದ ಇಳಿದು ಬರಿಗಾಲಲ್ಲಿ ರಸ್ತೆಗೆ ಹೋಗಿ ಚಿಂತಾಮಣಿಯ ದಿಕ್ಕಿಗೆ ನೋಡುತ್ತಾ ನಿಂತ, ಅಲ್ಲಿಂದ ಕಾಣುತ್ತದೆ ಎನ್ನುವವನ ಹಾಗೆ. ಒಳಗಿಂದ ಅವನ ಹೆಂಡತಿ ಬಂದು "ಏನು, ಏನು" ಎನ್ನುತ್ತಿದ್ದಳು. ಪವಿತ್ರಳ ನಂಬರು ಕೇಳಿ ಅಕ್ಕ ಅದಕ್ಕೆ ಒತ್ತಿದಳು. ನಾಲ್ಕು ಸಲ ಹೊಡೆದುಕೊಂಡ ಮೇಲೆ ಪವಿತ್ರ ಎತ್ತಿದಳು. ಹಿಂದೆ ಮಗು ಅಳುತ್ತಿತ್ತು.

"ಪವಿತ್ರ, ಗುರುಗೆ ಗಾಡಿ ನಿಲ್ಸಕ್ಕೇಳು. ಬ್ರೇಕ್ ಜೋರಾಗ್ ಹಾಕೋದ್ ಬ್ಯಾಡ. ಮೆಲ್ಲಗೆ ಪಕ್ಕಕ್ ತಗೊಂಡು ನಿಲ್ಸ್ಲಿ. ಈಗ್ಲೇ. ನಾನ್ ಲೈನಲ್ಲೇ ಇರ್ತೀನಿ."

ಆ ಕಡೆಯಿಂದ "ಯಾಕಕ್ಕಾ, ಮಾವನಿಗೇನಾಯ್ತು?" ಎಂದದ್ದು ನನಗೂ ಕೇಳಿಸಿತು. "ನಿಮ್ ಮಾವ ಚೆನ್ನಾಗವ್ರೆ. ಗಾಡಿ ನಿಂತ್ತಾ ಹೇಳು" ಎಂದಳು ಅಕ್ಕ. ಆಮೇಲೆ ಕಣ್ಣು ಮುಚ್ಚಿಕೊಂಡು ಕೇಳುತ್ತಾ ನಿಂತಳು. ಕೊನೆಗೆ "ನಿಂತ್ತು" ಎಂದು ನಮ್ಮ ಕಡೆ ತಿರುಗಿದಳು. ಅಪ್ಪಯ್ಯಣ್ಣ ರಸ್ತೆಯ ಅಂಚಿನಲ್ಲೇ ಕುಕ್ಕರಿಸಿದ.

ಶಿಡ್ಲಘಟ್ಟ ದಾಟಿ ನಾಲ್ಕೈದು ಕಿಲೋಮೀಟರು ಹೋಗಿದ್ದರಂತೆ. ಅಂಗಡಿಯ ಗೂಡ್ಸ್ ಆಟೋದಲ್ಲಿ ಹೊರಟೆವು. ಅಪ್ಪಯ್ಯಣ್ಣನಿಗೆ ಬಿಡದೆ ಶಶಕ್ಕನೇ ಓಡಿಸಿದಳು. ಹುಣಸೆಮರದ ನೆರಳಿನಲ್ಲಿ ಕಾರು ನಿಂತಿತ್ತು. ಮಗು ಪವಿತ್ರಳ ತೊಡೆಯ ಮೇಲೆ ಮಲಗಿತ್ತು. ಗುರು ಸಿಟ್ಟಾಗಿದ್ದ. "ಟೈರ್ ಚೆನ್ನಾಗೇ ಅವೆ ಕಣಪ್ಪ, ಬೆಳಿಗ್ಗೆ ನಾನೇ ನೋಡಿದೀನಿ" ಎಂದ. ಹೊರಗಿಂದ ನೋಡಿದರೆ ನಿಜಕ್ಕೂ ಚೆನ್ನಾಗೇ ಇದ್ದವು.

ಅಪ್ಪಯ್ಯಣ್ಣ ಜಾಕು ಕೊಟ್ಟು ಬಲಗಡೆಯ ಚಕ್ರ ಬಿಚ್ಚಿ ನೆಲಕ್ಕೆ ಉರುಳಿಸಿದ. ಕಾರಿನ ಕೆಳಕ್ಕೆ ತಿರುಗಿದ್ದ, ಯಾರ ಕಣ್ಣಿಗೂ ಬೀಳದ ಒಳಪಕ್ಕೆಯಲ್ಲಿ ಕೋಳಿಮೊಟ್ಟೆಯಷ್ಟು ದೊಡ್ಡ ಗುಬುಟು ಎದ್ದಿತ್ತು. ರಬ್ಬರು ಅಲ್ಲಿ ಬಲೂನಿನಂತೆ ತೆಳ್ಳಗಾಗಿತ್ತು. ಗುರು ಅದನ್ನು ಮುಟ್ಟಲು ಹೋದ. "ಮುಟ್ಬ್ಯಾಡ!" ಎಂದು ಅಕ್ಕ ಕಿರುಚಿ, ಎಲ್ಲರನ್ನೂ ದೂರ ಕಳಿಸಿ, ತಾನೇ ವಾಲ್ವಿನಿಂದ ಗಾಳಿ ಬಿಟ್ಟಳು.

ಪವಿತ್ರ ಮಗುವನ್ನು ಅವುಚಿಕೊಂಡು ಹುಣಸೆಮರಕ್ಕೆ ಒರಗಿದಳು. ಮಾವನನ್ನು ನೋಡಿ ಒಂದೇ ಮಾತು ಕೇಳಿದಳು: "ನೀವೇ ಹಾಕಿದ್ದಲ್ವಾ ಮಾವ?"

ಆ ಮನುಷ್ಯ ಅಳುತ್ತಾನೆಂದು ನಾನು ಎಣಿಸಿರಲಿಲ್ಲ. ಟೈರಿನ ಪಕ್ಕದಲ್ಲಿ ಧೂಳಿನಲ್ಲಿ ಕೂತು, ಮೋರೆ ಮುಚ್ಚಿಕೊಳ್ಳದೆ ಅತ್ತ. "ಕೈ ಇಡ್ತಿದ್ದೆ ಕಣಮ್ಮ. ಹಿಂದೆಲ್ಲಾ ಕೈಯಲ್ಲೇ ಟೈರ್ ಹಾಕ್ತಿದ್ದಾಗ ಒಂದೊಂದಕ್ಕೂ ಒಳಗೆ ಕೈ ಇಟ್ಟು ಸವರಿನೇ ಹಾಕ್ತಿದ್ದೆ. ಕರೆಂಟ್ ಮಿಷಿನ್ ತಂದ್ಮೇಲೆ ಒಂದ್ ನಿಮಿಷದ ಕೆಲ್ಸ. ಕೈ ಇಡೋದೇ ಬುಟ್ಬುಟ್ಟೆ. ಕಣ್ಣಿಗೆ ಕಪ್ಪಗೆ ಕಂಡ್ರೆ ಸಾಕಾಗ್ತಿತ್ತು."

ಹೊಸ ಕಾರಿನವು ಎಂದು ನಂಬಿಸಿ ಆ ಟೈರುಗಳನ್ನು ಸಿಟಿಯಿಂದ ತಂದುಕೊಟ್ಟವನು ಒಬ್ಬ ಬ್ರೋಕರು. ಒಟ್ಟು ಹದಿನೆಂಟು. ಸಂಜೆ ಅವನಿಗೆ ಫೋನು ಮಾಡಿದರೆ ಮೊದಲು ಎತ್ತಿದ, ವಿಷಯ ಕೇಳಿ ಇಟ್ಟ, ಆಮೇಲೆ ಆ ನಂಬರು ಮತ್ತೆ ಹತ್ತಲೇ ಇಲ್ಲ. ಅಪ್ಪಯ್ಯಣ್ಣನೂ ಗುರುವೂ ಪೊಲೀಸರಿಗೆ ದೂರು ಕೊಟ್ಟಿದ್ದಾರೆ. ಇಲ್ಲಿಯವರೆಗೆ ಸುಳಿವಿಲ್ಲ.

ಅಂಗಡಿಗೆ ವಾಪಸ್ಸು ಬಂದ ಮೇಲೆ ಶಶಕ್ಕ ಬೈಯಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ನನ್ನವು ಮೂರು, ಗುರುವಿನವು ಎರಡು. ಇನ್ನು ಹದಿಮೂರು ಯಾರ್ ಗಾಡೀಲವೆ ಅಣ್ಣ?" ಎಂದಳು. ಅಪ್ಪಯ್ಯಣ್ಣ ಒಂದೊಂದೇ ನೆನಪಿಸಿಕೊಂಡ. ಹೆಸರಿಗಿಂತ ಗಾಡಿಗಳೇ ಅವನಿಗೆ ನೆನಪು. ದೇವನಹಳ್ಳಿ ದಾರಿಯ ಹಾಲಿನ ಡೈರಿಯವರ ಕಾರು. ಸ್ಕೂಲಿನ ಮೇಷ್ಟ್ರದ್ದು. ಮದುವೆಗೆ ಬಾಡಿಗೆ ಬಿಡುವ ಮೂರ್ತಿಯದ್ದು, ಅದಕ್ಕೆ ನಾಲ್ಕು. ಕೂತಲ್ಲೇ ಫೋನು ಮಾಡಿಸಿದಳು. ಅವನು ಪ್ರತಿಯೊಬ್ಬರಿಗೂ ತನ್ನ ಬಾಯಿಂದಲೇ ಹೇಳಿದ. "ನಾನ್ ಕೊಟ್ಟ ಟೈರ್ ಕೆಟ್ಟದ್ದು. ಗಾಡಿ ತೆಗೀಬ್ಯಾಡಿ." ಮೇಷ್ಟ್ರು ಬೈದದ್ದು ಫೋನಿನಿಂದ ಇಷ್ಟು ದೂರಕ್ಕೆ ಕೇಳಿಸಿತು. ಅವನು ಬೈಸಿಕೊಂಡು, ಮುಂದಿನ ನಂಬರಿಗೆ ಹೋದ.

ಮುಂದಿನ ಎರಡು ಭಾನುವಾರ ಆ ಟೈರುಗಳನ್ನು ಬಿಚ್ಚಿದ್ದು ಶಶಕ್ಕನ ಮನೆಯ ಪಕ್ಕದಲ್ಲೇ. ಅಪ್ಪಯ್ಯಣ್ಣ ತನ್ನ ಕರೆಂಟು ಮಿಷಿನ್ನಿನ ಮುಂದೆ ನಿಲ್ಲಲು ಒಪ್ಪಲಿಲ್ಲ. ಅವನು ಅಂಚು ಒತ್ತಿ ಬಿಡಿಸುವುದು, ಅಕ್ಕ ಸರಳು ಹಿಡಿದು ಸುತ್ತುವುದು, ಟೈರು ಕೈಗೆ ಬಂದ ಮೇಲೆ ಗಾಡಿಯವರೇ ಒಳಗೆ ಕೈಯಿಟ್ಟು ನೋಡುವುದು. ಹನ್ನೊಂದು ಟೈರು ಬಂದವು. ಏಳರಲ್ಲಿ ತೇಪೆ ಸಿಕ್ಕಿತು. ಕೈಯಿಟ್ಟವರ ಮುಖ ಪ್ರತಿ ಸಲವೂ ಒಂದೇ ಥರ ಆಗುತ್ತಿತ್ತು. ಮೂರ್ತಿ ಆ ಫೋನು ಬರುವ ಹದಿನೈದು ದಿನ ಮೊದಲಷ್ಟೇ ಮದುಮಗಳನ್ನು ಕೂರಿಸಿಕೊಂಡು ಮೇಲುಸೇತುವೆ ಮೇಲೆ ಹೋಗಿದ್ದನಂತೆ. ಎದ್ದು ಹೋಗಿ ನಲ್ಲಿಯ ಕೆಳಗೆ ತಲೆ ಹಿಡಿದ. ಸಿಕ್ಕವನ್ನೆಲ್ಲ ಮನೋಹರಣ್ಣ ಗರಗಸದಿಂದ ಎರಡೆರಡು ತುಂಡು ಮಾಡಿದ, ಮತ್ತೆ ಯಾರ ಅಂಗಡಿಗೂ ಹೋಗದ ಹಾಗೆ.

ವ್ಯಾನಿಗೆ ಈಗ ಹೊಸ ಟೈರುಗಳು, ಪಕ್ಕೆಯ ಮೇಲೆ ತಯಾರಾದ ವಾರ, ವರ್ಷ ಅಳಿಯದೆ ಇರುವಂಥವು. ಅವನ್ನು ಹಾಕಿದ್ದೂ ಶಶಕ್ಕನೇ. ಆ ದಿನ ನಾವು ಆರೂ ಜನ ಹೋಗಿದ್ದೆವು. ಹಾಕುವ ಮೊದಲು ಒಬ್ಬೊಬ್ಬರೂ ಕೈಯಿಟ್ಟು ಸವರಿದೆವು. ಸೊಣ್ಣಮ್ಮ ಎರಡು ಸಲ.

ಉಳಿದ ಎರಡು ಟೈರು ಸಿಗಲಿಲ್ಲ. ಬೇಸಿಗೆಯಲ್ಲಿ ಒಂದು ಬೂದು ಬಣ್ಣದ ಕಾರು ದಾರಿಯಲ್ಲಿ ಟೈರು ಒಡೆದು ಅಂಗಡಿಗೆ ಬಂದಿತ್ತಂತೆ. ಗಂಡ, ಹೆಂಡತಿ, ಹಿಂದಿನ ಸೀಟಿನಲ್ಲಿ ಇಬ್ಬರು ಹೆಣ್ಣುಮಕ್ಕಳು. ಹೆಸರು ಕೇಳಲಿಲ್ಲ, ಯಾವ ಊರೆಂದೂ ಕೇಳಲಿಲ್ಲ. ಎರಡು ಟೈರು ಹಾಕಿ ಕಳಿಸಿದ್ದ. ಅಪ್ಪಯ್ಯಣ್ಣ ಈಗಲೂ ಅಂಗಡಿಯ ಮುಂದೆ ಬೂದು ಬಣ್ಣದ ಕಾರು ಹೋದರೆ ಕೆಲಸ ಬಿಟ್ಟು ರಸ್ತೆಗೆ ಓಡುತ್ತಾನೆ, ಕೈ ಅಡ್ಡ ಹಿಡಿದು ನಿಲ್ಲಿಸುತ್ತಾನೆ. ಹೆಚ್ಚಿನವರು ಹಾರ್ನ್ ಹೊಡೆದು ಬೈದು ಹೋಗುತ್ತಾರೆ. ನಿಲ್ಲಿಸಿದವರ ಚಕ್ರದ ಮುಂದೆ ಅವನು ಮೊಣಕಾಲೂರಿ ಕೂರುವುದನ್ನು ನಾನು ಎರಡು ಸಲ ನೋಡಿದ್ದೇನೆ. ಅವು ಅವನು ಹುಡುಕುವ ಟೈರುಗಳಾಗಿರಲಿಲ್ಲ.